ಕೊನೆಯ ಪಂಕ್ತಿಯ ತಾಯಂದಿರು

(ಶರಣ ಸಂಗಮದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ನಾನು ವೈದ್ಯನಲ್ಲ. ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಾಲೆ, ತೂಬುಗಳ ಕೆಲಸ ನೋಡಿಕೊಂಡು ನಿವೃತ್ತನಾದವನು. ನಮ್ಮ ಬಳಗದ ಆರೋಗ್ಯ ತಪಾಸಣಾ ಶಿಬಿರಗಳಲ್ಲಿ ವೈದ್ಯರು ಬಿ.ಪಿ. ನೋಡುತ್ತಾರೆ, ನರ್ಸಮ್ಮ ಅಳತೆ ತೆಗೆಯುತ್ತಾರೆ, ರಿಜಿಸ್ಟರ್ ಬರೆಯುವ ಕಾಯಕ ನನ್ನದು. ಬರೆಯುತ್ತ ಕಂಡದ್ದನ್ನು, ಓದಿ, ವೈದ್ಯರನ್ನು ಕೇಳಿ ತಿಳಿದದ್ದನ್ನು ಹೇಳುತ್ತೇನೆ.

ವಿಷಯದ ಹೆಸರು ಮೆಟಬಾಲಿಕ್ ಸಿಂಡ್ರೋಮ್. ಹೆಸರು ಕೇಳಿ ಗಾಬರಿಯಾಗಬೇಡಿ. ಜೊತೆಗೂಡಿ ಬರುವ ಐದು ದೋಷಗಳ ಗುಂಪಿಗೆ ವೈದ್ಯರು ಇಟ್ಟ ಹೆಸರು ಅದು. ನಮ್ಮ ದೇಶದ ಹೆಂಗಸರಿಗೆ ಹೊಟ್ಟೆಯ ಸುತ್ತಳತೆ 80 ಸೆಂಟಿಮೀಟರ್ ಮುಟ್ಟುವುದು ಒಂದು. ರಕ್ತದೊತ್ತಡದಲ್ಲಿ ಮೇಲಿನ ಅಂಕಿ 130 ಅಥವಾ ಕೆಳಗಿನದು 85 ಮುಟ್ಟುವುದು ಇನ್ನೊಂದು. ಖಾಲಿ ಹೊಟ್ಟೆಯ ಸಕ್ಕರೆ 100ಕ್ಕೆ ಬರುವುದು, ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು 150ಕ್ಕೆ ಏರುವುದು, ಎಚ್.ಡಿ.ಎಲ್. ಎಂಬ ಒಳ್ಳೆಯ ಕೊಬ್ಬು 50ಕ್ಕಿಂತ ಕೆಳಗಿಳಿಯುವುದು ಉಳಿದವು. ಐದರಲ್ಲಿ ಯಾವ ಮೂರು ಇದ್ದರೂ ಸಕ್ಕರೆ ಕಾಯಿಲೆ, ಹೃದಯಾಘಾತ, ಲಕ್ವ ಇವುಗಳ ದಾರಿ ಹತ್ತಿರವಾಯಿತು ಎಂದು ಅರ್ಥ.

ಒಳಗೆ ನಡೆಯುವುದೇನು? ನನಗೆ ಗೊತ್ತಿರುವ ಭಾಷೆಯಲ್ಲಿ ಹೇಳುತ್ತೇನೆ. ರಕ್ತ ನಾಲೆ, ಸಕ್ಕರೆ ಅದರಲ್ಲಿ ಹರಿಯುವ ನೀರು, ಮೈಯ ಮಾಂಸಖಂಡ ಗದ್ದೆ. ತೂಬು ಎತ್ತಿ ಗದ್ದೆಗೆ ನೀರು ಬಿಡುವ ನೀರುಗಂಟಿ ಇನ್ಸುಲಿನ್. ಹೊಟ್ಟೆಯ ಒಳಗೆ, ಕರುಳು ಈಲಿಗಳ ಸುತ್ತ ಕೊಬ್ಬು ತುಂಬಿದಾಗ ತೂಬಿಗೆ ತುಕ್ಕು ಹಿಡಿಯುತ್ತದೆ. ಒಬ್ಬ ನೀರುಗಂಟಿ ಎತ್ತುತ್ತಿದ್ದ ತೂಬಿಗೆ ಈಗ ಮೂವರು ಬೇಕು. ಕೆಲವು ವರ್ಷ ಮೂವರೂ ಸೇರಿ ಎತ್ತುತ್ತಾರೆ, ಗದ್ದೆ ಒಣಗುವುದಿಲ್ಲ, ಯಾರಿಗೂ ಸುಳಿವು ಸಿಗುವುದಿಲ್ಲ. ಕೊನೆಗೆ ಅವರೂ ಸೋತು ನಾಲೆ ಏರಿಯ ಮೇಲೆ ಹರಿದ ದಿನ ‘ಶುಗರ್ ಬಂದಿದೆ’ ಎನ್ನುತ್ತಾರೆ. ಅದು ಆ ದಿನ ಬಂದದ್ದಲ್ಲ. ನೋವಿಲ್ಲ, ಜ್ವರವಿಲ್ಲ, ಆದ್ದರಿಂದ ಯಾರೂ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ.

‘ಇದು ಪೇಟೆಯ ಸಾಹುಕಾರರ ಕಾಯಿಲೆ, ಹೊಲದಲ್ಲಿ ದುಡಿಯುವ ನಮಗೇಕೆ ಬರುತ್ತದೆ?’ ಎಂದು ಶಿಬಿರದಲ್ಲಿ ಕೇಳದ ದಿನವಿಲ್ಲ. ಬರುತ್ತದೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದ ಹೆಂಗಸು ತನ್ನನ್ನು ದಪ್ಪ ಎಂದುಕೊಳ್ಳುವುದೇ ಇಲ್ಲ. ಅಂಥವರ ಸಕ್ಕರೆ, ಬಿ.ಪಿ. ಎರಡೂ ಮೇಲಿರುವುದನ್ನು ನಾನೇ ಎಷ್ಟೋ ಸಲ ಬರೆದುಕೊಂಡಿದ್ದೇನೆ.

ಇದರ ಬೇರು ತಾಯಿಯ ಗರ್ಭದವರೆಗೂ ಹೋಗುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ. ನಾವು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳ ತೂಕವನ್ನು ಹಳೆಯ ಕಾಲದಿಂದಲೂ ಬರೆದಿಡುತ್ತಿದ್ದರು. 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದವರಲ್ಲಿ 517 ಮಂದಿಯನ್ನು ಸಂಶೋಧಕರು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಹುಟ್ಟುವಾಗ ಎರಡೂವರೆ ಕೆ.ಜಿ. ಅಥವಾ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ರಕ್ತನಾಳದ ಕಾಯಿಲೆ. 3.1 ಕೆ.ಜಿ.ಗಿಂತ ಮೇಲಿದ್ದವರಲ್ಲಿ ನೂರಕ್ಕೆ 3. ಯಾವುದೋ ಗುಮಾಸ್ತರು ಬೇಸರಪಡದೆ ತುಂಬಿಟ್ಟ ದಾಖಲೆ ಅರ್ಧ ಶತಮಾನದ ಮೇಲೆ ಲೋಕಕ್ಕೆ ಪಾಠವಾಯಿತು. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಹುಟ್ಟಿದ ಮಕ್ಕಳನ್ನೂ ವರ್ಷವರ್ಷವೂ ನೋಡುತ್ತ ಬಂದರು. ಬಸುರಿಯಲ್ಲಿ ಸಕ್ಕರೆ ಏರಿದ್ದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಚಿಕ್ಕ ವಯಸ್ಸಿಗೇ ಮೈಕೊಬ್ಬು ಹೆಚ್ಚಿರುವುದು ಕಂಡಿತು. ತಾಯಿ ಅರೆಹೊಟ್ಟೆಯಲ್ಲಿದ್ದರೂ ತೊಂದರೆ, ಸಕ್ಕರೆ ಏರಿದ್ದರೂ ತೊಂದರೆ, ಎರಡೂ ಮಗಳಿಗೆ ದಾಟುತ್ತವೆ.

ಇಷ್ಟಿದ್ದರೂ ಬಸುರಿಯಲ್ಲಿ ಶುಗರ್ ಬಂದಿದ್ದ ಹೆಣ್ಣುಮಗಳಿಗೆ ಹೆರಿಗೆಯಾದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದವರು ಎಷ್ಟು ಜನ? ತವರಿನಲ್ಲಿ ಬಾಣಂತನ, ಕಿವಿಗೆ ಬಟ್ಟೆ, ತುಪ್ಪ, ಬೆಲ್ಲದ ಲೇಹ್ಯ, ಮಂಚದಿಂದ ಇಳಿಯಬಾರದು. ಮಗುವಿಗೆ ಚುಚ್ಚುಮದ್ದು ಹಾಕಿಸಲು ಆರು ವಾರಕ್ಕೆ ಹೋಗುತ್ತೀರಲ್ಲ, ಅದೇ ದಿನ ತಾಯಿಯ ಸಕ್ಕರೆಯನ್ನೂ ನೋಡಿ ಎಂದು ಕೇಳಿ. ಅಂಥವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು.

ಇನ್ನು ದುಡಿಮೆಯ ಮಾತು. ನಮ್ಮ ತಾಯಂದಿರು ಬೀಸುವ ಕಲ್ಲು ತಿರುಗಿಸುತ್ತಿದ್ದರು, ಬಾವಿಯಿಂದ ನೀರು ಸೇದುತ್ತಿದ್ದರು, ಸಂತೆಗೆ ನಡೆದೇ ಹೋಗುತ್ತಿದ್ದರು. ಈಗ ಗಿರಣಿ, ನಲ್ಲಿ, ಮಿಕ್ಸಿ, ಆಟೋ. ಇವು ಬರಬೇಕಾಗಿತ್ತು, ಬಂದವು. ಹಿಂದಿನ ಕಷ್ಟವೇ ಚೆನ್ನಾಗಿತ್ತು ಎನ್ನುವ ಗಂಡಸರನ್ನು ಎರಡು ದಿನ ಒರಳಿನ ಮುಂದೆ ಕೂರಿಸಬೇಕು. ಆದರೆ ಮೈದುಡಿಮೆ ಇಳಿದಷ್ಟು ಅನ್ನ ಇಳಿಯಲಿಲ್ಲ, ಏರಿತು. ಕಾವೇರಿ ನಾಲೆಯ ಬಯಲಿನ ಕೆ.ಆರ್. ನಗರದಲ್ಲಿ ಬತ್ತ, ಕಬಿನಿಯ ಕೆಳಗೂ ಬತ್ತ, ಮಳೆಯಾಶ್ರಯದ ಹಳ್ಳಿಗೆ ಪಡಿತರದ ಅಕ್ಕಿ. ಮೂರು ಹೊತ್ತೂ ಅನ್ನದ ಮೇಲೆ ತೆಳು ಸಾರು ಎಂಬ ಊಟ ಬಂತು. ಮಸ್ಸೊಪ್ಪು, ಬಸ್ಸಾರು, ಹುರುಳಿಕಾಳು, ಹಲಸಂದೆ ಹಬ್ಬದ ನೆನಪಾಗುತ್ತಿವೆ.

ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಹೊಗೆಸೊಪ್ಪಿನ ಮಾತು ಹೇಳದಿದ್ದರೆ ಆಗುವುದಿಲ್ಲ. ಮನೆಯ ಸಾಲ ತೀರಿಸಿದ ಬೆಳೆ ಅದು, ಬಾಯಿಮಾತಿಗೆ ಬಿಡಿ ಎಂದರೆ ಯಾರೂ ಬಿಡುವುದಿಲ್ಲ. ಸೊಪ್ಪು ಕಡ್ಡಿಗೆ ಕಟ್ಟುವವರು, ಗ್ರೇಡ್ ಮಾಡುವವರು ಹೆಚ್ಚಿಗೆ ಹೆಂಗಸರೇ. ಇಬ್ಬನಿಯ ಹಸಿ ಸೊಪ್ಪಿನಿಂದ ನಿಕೋಟಿನ್ ಚರ್ಮದ ಮೂಲಕ ಮೈಗಿಳಿಯುತ್ತದೆ. ತಲೆಸುತ್ತು, ವಾಂತಿ ಅದರಿಂದಲೇ. ಬ್ಯಾರನ್ ಉರಿ ಕಾಯುವ ದಿನಗಳಲ್ಲಿ ನಿದ್ದೆಯಿಲ್ಲ, ನಿದ್ದೆಗೆಟ್ಟ ಮೈಯಲ್ಲಿ ತೂಬಿನ ತುಕ್ಕು ಇನ್ನೂ ಹೆಚ್ಚುತ್ತದೆ. ಗ್ರೇಡಿಂಗ್ ಎಂದರೆ ದಿನವಿಡೀ ಒಂದೇ ಕಡೆ ಕೂತಿರುವುದು. ಮೈ ದಣಿದಿರುತ್ತದೆ, ಮೈಗೆ ಬೇಕಾದ ನಡಿಗೆ ಸಿಕ್ಕಿರುವುದಿಲ್ಲ. ದಣಿವು ಬೇರೆ, ವ್ಯಾಯಾಮ ಬೇರೆ. ಇದರ ಮೇಲೆ ಎಲೆ ಅಡಿಕೆ ಜೊತೆ ಕಡ್ಡಿಪುಡಿ. ಬೀಡಿ ಸೇದುವ ಗಂಡನನ್ನು ಬೈಯುವ ಅಜ್ಜಿ ತನ್ನ ಕಡ್ಡಿಪುಡಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಟೀ ಲೆಕ್ಕ ಮಾಡೋಣ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ, ಚಮಚಕ್ಕೆ 5 ಗ್ರಾಂ. ದಿನಕ್ಕೆ 50 ಗ್ರಾಂ, ವರ್ಷಕ್ಕೆ 18 ಕೆ.ಜಿ. ಸಕ್ಕರೆ! ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಲ್ಲ ಹಾಕುತ್ತೇವೆ ಎಂದು ಸಮಾಧಾನ ಪಡಬೇಡಿ, ರಕ್ತಕ್ಕೆ ಸೇರಿದ ಮೇಲೆ ಬೆಲ್ಲವೂ ಸಕ್ಕರೆಯೇ. ರಾಗಿಯದೂ ಅಷ್ಟೆ. ಅಕ್ಕಿಗಿಂತ ನಾರು ಹೆಚ್ಚು, ಸುಣ್ಣದಂಶ ಹೆಚ್ಚು, ನಿಜ. ಎರಡು ದೊಡ್ಡ ಮುದ್ದೆ ನುಂಗಿದರೆ ರಾಗಿಯೂ ಸಕ್ಕರೆ ಏರಿಸುತ್ತದೆ. ಮುದ್ದೆ ಸಣ್ಣದಿರಲಿ, ಜೊತೆಗೆ ಕಾಳು ಸೊಪ್ಪು ಹೆಚ್ಚಿರಲಿ.

ಈಗ ನಾನು ನಿಜವಾಗಿ ಹೇಳಬೇಕೆಂದು ಬಂದ ಮಾತು. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು ಯಾರು? ಅವಳ ಸರದಿ ಬರುವ ಹೊತ್ತಿಗೆ ಪಲ್ಯ ಮುಗಿದಿರುತ್ತದೆ, ಕಾಳು ತಳದಲ್ಲಿ ನಾಲ್ಕಿರುತ್ತವೆ, ಅನ್ನ ಮಾತ್ರ ಧಾರಾಳ. ರಾತ್ರಿ ಹತ್ತು ಗಂಟೆಗೆ ಆ ಅನ್ನ ಉಂಡು ಮಲಗುತ್ತಾಳೆ. ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದನ್ನೂ ಅವಳೇ ತಿನ್ನುತ್ತಾಳೆ. ಪ್ರಸಾದ ಚೆಲ್ಲಬಾರದು ಎಂದು ನಾವೇ ಕಲಿಸಿದ್ದೇವೆ. ಒಳ್ಳೆಯ ಪಾಠ, ಆದರೆ ಅದರ ಭಾರ ಬಿದ್ದದ್ದು ಒಬ್ಬಳ ಹೊಟ್ಟೆಯ ಮೇಲೆ. ಚೆಲ್ಲದಿರಬೇಕಾದರೆ ಅಳತೆಯಾಗಿ ಬೇಯಿಸಬೇಕು, ಕೇಳಿ ಬಡಿಸಬೇಕು. ಮಿಕ್ಕದ್ದನ್ನೆಲ್ಲ ತುಂಬಿಕೊಳ್ಳಲು ಅವಳ ಮೈ ಏನು ಕಣಜವೇ? ಹೆಣ್ಣು ಗಂಡು ಸಮಾನ ಎಂದು ವೇದಿಕೆಯಲ್ಲಿ ಹೇಳುವ ನಮ್ಮ ಮನೆಗಳಲ್ಲೂ ಪಂಕ್ತಿಭೇದ ಅಡುಗೆಮನೆಯಲ್ಲಿ ಉಳಿದುಕೊಂಡಿದೆ ಎಂದೇ ನನ್ನ ಅನಿಸಿಕೆ.

ಸೋಮವಾರದ ಒಪ್ಪೊತ್ತಿನ ಬಗ್ಗೆ ಒಂದೇ ಮಾತು. ಸಕ್ಕರೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡಬೇಡಿ. ಸಕ್ಕರೆ ದಿಢೀರನೆ ಇಳಿದು ಪ್ರಜ್ಞೆ ತಪ್ಪುವುದುಂಟು.

ಪರೀಕ್ಷೆ ಕಷ್ಟವಲ್ಲ. 30 ದಾಟಿದ ಎಲ್ಲರಿಗೂ ಬಿ.ಪಿ., ಸಕ್ಕರೆ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಆಶಾ ಕಾರ್ಯಕರ್ತೆ ಟೇಪು ಹಿಡಿದು ಮನೆಗೆ ಬಂದರೆ ‘ಆಮೇಲೆ ಬಾರಮ್ಮ’ ಎಂದು ಕಳಿಸಬೇಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯ ಬಸ್ಸಿದೆ, ತಾಲ್ಲೂಕು ಆಸ್ಪತ್ರೆಗೆ ಹೋಗಲು ಯಾರ ಹತ್ತಿರವೂ ಬಸ್ ಚಾರ್ಜು ಕೇಳಬೇಕಾಗಿಲ್ಲ. ಕ್ಷೇತ್ರ ದರ್ಶನಕ್ಕೆ ಹೋಗುವ ಉತ್ಸಾಹದಲ್ಲಿ ನಾಲ್ಕನೆಯ ಒಂದು ಪಾಲು ಈ ಕಡೆಗೂ ಇರಲಿ.

ಟೇಪೂ ಇಲ್ಲದಿದ್ದರೆ ನಿಮ್ಮ ಎತ್ತರದಷ್ಟು ನೂಲು ಕತ್ತರಿಸಿ, ಅದನ್ನು ಎರಡಾಗಿ ಮಡಿಸಿ ಹೊಟ್ಟೆಗೆ ಸುತ್ತಿ. ಸೀರೆಯ ಗಂಟಿನ ಮೇಲಲ್ಲ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಸಹಜವಾಗಿ ಬಿಟ್ಟಾಗ. ನೂಲಿನ ತುದಿಗಳು ಕೂಡದಿದ್ದರೆ ಪರೀಕ್ಷೆಗೆ ಹೋಗಿ.

ಇವತ್ತಿನ ದಾಸೋಹದಲ್ಲಿ ಮೊದಲು ಸೊಪ್ಪು ಕಾಳು, ಆಮೇಲೆ ಅನ್ನ, ಪಾಯಸ ಸಣ್ಣ ಬಟ್ಟಲಿನಲ್ಲಿ. ಮೊದಲ ಪಂಕ್ತಿ ತಾಯಂದಿರದು, ಬಡಿಸುವವರು ಗಂಡಸರು ಎಂದು ಪೂಜ್ಯರು ಅಪ್ಪಣೆ ಕೊಡಿಸಿದ್ದಾರೆ. ನರ್ಸಮ್ಮ ಒಳಕೋಣೆಯಲ್ಲಿ ಟೇಪು, ನೂಲಿನುಂಡೆ ಇಟ್ಟುಕೊಂಡು ಕೂತಿದ್ದಾರೆ. ಅವರನ್ನು ಕಂಡು ಪ್ರಸಾದಕ್ಕೆ ಬನ್ನಿ.