ಬಂದೂಕು ಇದ್ದವರು ಮಾತಾಡಿದರು, ಇಲ್ಲದ ನಾವು?

(ಉಗಾರ ಬುದ್ರುಕದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಶಾಸಕರ ಮನೆಯ ಬಾಗಿಲು ಈ ಊರಿನವರಿಗೆ ಅಪರಿಚಿತವಲ್ಲ. ಖಬರಸ್ತಾನದ ಆವರಣ ಗೋಡೆಗೆ, ಶಾದಿ ಮಹಲ್‌ನ ಅನುದಾನಕ್ಕೆ, ಸುಟ್ಟುಹೋದ ಟ್ರಾನ್ಸ್‌ಫಾರ್ಮರ್‌ಗೆ, ಕಬ್ಬಿನ ಬಾಕಿ ಹಣಕ್ಕೆ ನಮ್ಮವರು ಅಲ್ಲಿಗೆ ಹೋಗಿದ್ದಾರೆ, ಗಂಟೆಗಟ್ಟಲೆ ಕಾದಿದ್ದಾರೆ. ಅದು ತಪ್ಪಲ್ಲ. ಆದರೆ ಒಂದು ಕಾನೂನಿನ ಕುರಿತು ಮಾತಾಡಬೇಕೆಂದು ಅಲ್ಲಿಗೆ ಹೋದವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ? ಗೋಡೆಯನ್ನು ಕೇಳುವುದು ನಮ್ಮ ಹಕ್ಕು, ಕಾನೂನು ಮಾತ್ರ ದೊಡ್ಡವರ ವಿಷಯ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇಂದು ನಾವು ಶಸ್ತ್ರಾಸ್ತ್ರ ಕಾಯ್ದೆಯನ್ನು ಆರಿಸಿಕೊಂಡಿದ್ದೇವೆ. ಅದಕ್ಕೊಂದು ಕಾರಣವಿದೆ.

ಎರಡು ವರ್ಷಗಳ ಹಿಂದೆ ನಾವೊಂದು ಮದುವೆಗೆ ಹೋಗಿದ್ದೆವು. ಊರಿನ ಹೆಸರು ಬೇಡ. ನಿಕಾಹ್ ಮುಗಿದು ಖರ್ಜೂರ ಹಂಚುತ್ತಿದ್ದಾಗ ಅಂಗಳದಲ್ಲಿ ಎರಡು ಬಾರಿ ಗುಂಡಿನ ಶಬ್ದವಾಯಿತು. ಬಂಧುವೊಬ್ಬರು ತಮ್ಮ ಲೈಸೆನ್ಸ್ ಬಂದೂಕನ್ನು ಆಕಾಶಕ್ಕೆ ಹಿಡಿದು ಸಂತೋಷ ಪ್ರಕಟಿಸಿದ್ದರು. ಶಾಮಿಯಾನದ ಬಟ್ಟೆಯಲ್ಲೊಂದು ತೂತು ಬಿತ್ತು. ಅದರ ಕೆಳಗೆ ಮಕ್ಕಳು ಕುಳಿತಿದ್ದರು. ಯಾರಿಗೂ ಏನೂ ಆಗಲಿಲ್ಲ, ಅಲ್ ಹಮ್ದುಲಿಲ್ಲಾಹ್. ಆದರೆ ಖಾಜಿ ಸಾಹೇಬರು ಒಂದು ಮಾತನ್ನೂ ಆಡಲಿಲ್ಲ. ಪತ್ರಿಕೆಯಲ್ಲಿ ಸಮುದಾಯಕ್ಕೆ ಪ್ರತಿವಾರ ಉಪದೇಶ ಮಾಡುವ ನಾವೂ ಆಡಲಿಲ್ಲ. ಬಿರಿಯಾನಿ ಉಂಡು ಬಂದೆವು. ಆ ತೂತು ಇಂದಿಗೂ ನಮ್ಮ ಕಣ್ಣೆದುರಿಗಿದೆ.

ಬಾಣಗಳನ್ನು ಹಿಡಿದು ಮಸೀದಿಯ ಅಥವಾ ಪೇಟೆಯ ಮೂಲಕ ಸಾಗುವವನು ಅವುಗಳ ಮೊನೆಯನ್ನು ಕೈಯಲ್ಲಿ ಮುಚ್ಚಿಕೊಳ್ಳಬೇಕೆಂದು ಪ್ರವಾದಿಯವರು(ಸ) ಆದೇಶಿಸಿದ್ದನ್ನು ಮದ್ರಸದ ದಿನಗಳಲ್ಲಿ ಓದಿದ್ದೆವು. ಜನಸಂದಣಿಯಲ್ಲಿ ಆಯುಧ ಹಿಡಿಯುವವನ ಮೇಲೆ ಇತರರ ಮೈಯ ಹೊಣೆಯಿದೆ ಎಂಬುದೇ ಅದರ ತಿರುಳು. ನಮ್ಮ ದೇಶದ ಕಾನೂನು ಇದೇ ಮಾತನ್ನು ಸ್ಪಷ್ಟವಾಗಿ ಬರೆಯಲು 2019ರವರೆಗೆ ಕಾಯಬೇಕಾಯಿತು. 1959ರ ಶಸ್ತ್ರಾಸ್ತ್ರ ಕಾಯ್ದೆಗೆ ಆ ವರ್ಷ ತಂದ ತಿದ್ದುಪಡಿಯ ಪ್ರಕಾರ ಮದುವೆ, ಧಾರ್ಮಿಕ ಸ್ಥಳ, ಸಭೆ ಸಮಾರಂಭಗಳಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ಸಂಭ್ರಮದ ಗುಂಡು ಹಾರಿಸಿದರೆ 2 ವರ್ಷಗಳವರೆಗೆ ಸೆರೆವಾಸ, ಅಥವಾ 1 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಬಂದೂಕಿಗೆ ಲೈಸೆನ್ಸ್ ಇದೆ ಎಂಬುದು ಇಲ್ಲಿ ರಕ್ಷಣೆಯಲ್ಲ. ಆ ಮದುವೆಯಲ್ಲಿದ್ದ ಎಷ್ಟು ಮಂದಿಗೆ ಇದು ಗೊತ್ತಿತ್ತು?

ಅದೇ ತಿದ್ದುಪಡಿಯ ಇನ್ನೊಂದು ಕಥೆ ನಮಗೆ ಹೆಚ್ಚು ಮುಖ್ಯ. ಹಿಂದೆ ಒಬ್ಬ ವ್ಯಕ್ತಿ ಮೂರು ಬಂದೂಕುಗಳನ್ನು ಇಟ್ಟುಕೊಳ್ಳಬಹುದಿತ್ತು. ಕೇಂದ್ರ ಸರಕಾರವು ಮಂಡಿಸಿದ ಮಸೂದೆಯು ಅದನ್ನು ಒಂದಕ್ಕೆ ಇಳಿಸಲು ಹೊರಟಿತ್ತು. ಬಂದೂಕು ಉಳ್ಳವರು ಸುಮ್ಮನೆ ಕುಳಿತರೇ? ಇಲ್ಲ. ಶೂಟಿಂಗ್ ಕ್ರೀಡಾಪಟುಗಳು ಆಕ್ಷೇಪ ಎತ್ತಿದರು. ಪಂಜಾಬಿನ ಅಂದಿನ ಮುಖ್ಯಮಂತ್ರಿ ಅಮರಿಂದರ್ ಸಿಂಗ್ ಅವರೇ ದನಿಗೂಡಿಸಿದರು. ಸಂಸದರ ಮೂಲಕ ಆ ದನಿ ದಿಲ್ಲಿ ತಲುಪಿತು. ಡಿಸೆಂಬರ್ 9ರಂದು ಲೋಕಸಭೆಯೂ ಮರುದಿನ ರಾಜ್ಯಸಭೆಯೂ ಮಸೂದೆಗೆ ಒಪ್ಪಿಗೆ ನೀಡಿದಾಗ ಒಂದು ಎಂಬುದು ಎರಡು ಆಗಿತ್ತು. ಅವರ ಮೇಲೆ ನಮಗೆ ಸಿಟ್ಟಿಲ್ಲ. ಪ್ರಜಾಪ್ರಭುತ್ವದಲ್ಲಿ ಪ್ರಜೆ ಮಾಡಬೇಕಾದುದನ್ನೇ ಅವರು ಮಾಡಿದರು. ಆದರೆ ಬಂದೂಕಿನ ಇನ್ನೊಂದು ತುದಿಯಲ್ಲಿರುವವರು ಆ ದಿನಗಳಲ್ಲಿ ಎಲ್ಲಿದ್ದರು? ಚಿಕ್ಕೋಡಿಯ ಸಂಸದರ ಮೇಜಿಗೆ ಈ ಭಾಗದಿಂದ ಒಂದು ಪತ್ರವಾದರೂ ಹೋಗಿತ್ತೇ? ನಾವಂತೂ ಬರೆದಿರಲಿಲ್ಲ.

ಕೊಡಗಿನ ಉದಾಹರಣೆಯನ್ನೂ ನೋಡಿ. ಅಲ್ಲಿನ ಕೊಡವರಿಗೂ ಜಮ್ಮಾ ಭೂಮಿ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದೂಕು ಲೈಸೆನ್ಸಿನಿಂದ ವಿನಾಯಿತಿಯಿದೆ. 2019ರಲ್ಲಿ ಕೇಂದ್ರವು ಅದನ್ನು 2029ರವರೆಗೆ ವಿಸ್ತರಿಸಿತು. ವಿನಾಯಿತಿಯನ್ನು ಪ್ರಶ್ನಿಸಿದ ಅರ್ಜಿಯನ್ನು ರಾಜ್ಯ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ವಿನಾಯಿತಿ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಒಂದು ಚಿಕ್ಕ ಸಮುದಾಯವು ತನಗೆ ಬೇಕಾದುದನ್ನು ಸರಕಾರದ ಮುಂದೆ ಮಂಡಿಸುವುದನ್ನು ಕಲಿತಿದೆ ಎಂಬುದಷ್ಟೇ ನಮ್ಮ ಮಾತು.

ಇನ್ನು ನಮ್ಮ ಸೀಮೆಗೆ ಬರೋಣ. ಕಬ್ಬಿನ ಗದ್ದೆಗೆ ನುಗ್ಗುವ ಹಂದಿಗಳನ್ನು ಓಡಿಸಲು ರೈತನೊಬ್ಬ ಲೈಸೆನ್ಸ್ ಪಡೆದು ಇಟ್ಟುಕೊಂಡ ಬಂದೂಕಿನ ಬಗ್ಗೆ ನಮಗೆ ಆತಂಕವಿಲ್ಲ. ಭಯ ಹುಟ್ಟಿಸುವುದು ನಾಡ ಪಿಸ್ತೂಲು. ಪಕ್ಕದ ವಿಜಯಪುರ ಜಿಲ್ಲೆಯ ಭೀಮಾ ತೀರಕ್ಕೆ ಅಂಟಿದ ಅಪಕೀರ್ತಿ ನಿಮಗೆ ಗೊತ್ತು. 2015ರ ಫೆಬ್ರವರಿಯಲ್ಲಿ ಕೊಲ್ಹಾಪುರದಲ್ಲಿ ಗೋವಿಂದ ಪಾನ್ಸರೆ ಅವರ ಮೇಲೆ ಗುಂಡು ಹಾರಿಸಲಾಯಿತು. ಅದೇ ವರ್ಷದ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರು ತಮ್ಮ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್. ಕಲಬುರ್ಗಿ ಮತ್ತು ಗೌರಿ ಇಬ್ಬರನ್ನೂ ಕೊಂದದ್ದು ಒಂದೇ 7.65 ಮಿ.ಮೀ. ನಾಡ ಪಿಸ್ತೂಲು ಎಂದು ವಿಶೇಷ ತನಿಖಾ ತಂಡ ಹೇಳಿತು. ಎರಡು ವರ್ಷಗಳ ಕಾಲ ಒಂದು ಅಕ್ರಮ ಆಯುಧ ಈ ರಾಜ್ಯದಲ್ಲಿ ಕೆಲಸಕ್ಕೆ ಸಿದ್ಧವಾಗಿತ್ತು ಎಂದಾಯಿತು. ಕೊಂದವರು ಯಾರು ಎಂದು ನಾವು ಗಟ್ಟಿಯಾಗಿ ಕೇಳಿದೆವು, ಕೇಳಲೇಬೇಕಿತ್ತು. ಪಿಸ್ತೂಲು ಯಾವ ದಾರಿಯಲ್ಲಿ ಬರುತ್ತದೆ ಎಂದು ಕೇಳಿದವರು ಕಡಿಮೆ.

ಇಂತಹ ಪಿಸ್ತೂಲು ಹಿಡಿದ ಫೋಟೋವನ್ನು ಮೊಬೈಲ್ ಸ್ಟೇಟಸ್‌ಗೆ ಹಾಕಿಕೊಳ್ಳುವ ಹುಡುಗರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. ತಾಯಂದಿರೇ, ಗಮನವಿಡಿ. ಲೈಸೆನ್ಸ್ ಇಲ್ಲದ ಬಂದೂಕು ಬಳಿಯಲ್ಲಿದ್ದರೆ ಈಗ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸೆರೆವಾಸ. ತಯಾರಿಸಿದರೆ, ಮಾರಿದರೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ.

ಈ ಸಭೆಗೆ ಮುನ್ನ ಹಿರಿಯರೊಬ್ಬರು ನಮ್ಮ ಕೈ ಹಿಡಿದು ಹೇಳಿದರು: "ಬೇಟಾ, ರಸ್ತೆಯ ಬಗ್ಗೆ ಬರೆಯಿರಿ, ನೀರಿನ ಬಗ್ಗೆ ಬರೆಯಿರಿ. ಬಂದೂಕು ಅನ್ನೋ ಶಬ್ದ ನಮ್ಮ ಹೆಸರಿರುವ ಕಾಗದದಲ್ಲಿ ಬೇಡ. ನಾಳೆ ನಮ್ಮ ಹುಡುಗರನ್ನೇ ಠಾಣೆಗೆ ಕರೀತಾರೆ." ಆ ಭಯ ಸುಳ್ಳೆಂದು ನಾವು ಹೇಳಲಾರೆವು. ಅದರ ಹಿಂದೆ ಅನುಭವವಿದೆ. ಆದರೆ ಚಾಚಾ, ಬಂದೂಕು ಬೇಡ ಎನ್ನುವ ಅರ್ಜಿಗೆ ಸಹಿ ಹಾಕಲೂ ಹೆದರುವವರು ಬಂದೂಕು ಇದೆ ಎಂದು ಮೆರೆಯುವವನನ್ನು ತಡೆಯುವುದು ಹೇಗೆ? ಒಬ್ಬನೇ ಬರೆದರೆ ಭಯ ಹೆಚ್ಚು. ಓಣಿಯ ಲಿಂಗಾಯತರು, ಜೈನರು, ಮರಾಠರು, ದಲಿತರು ಜೊತೆಗೆ ಸಹಿ ಹಾಕಿದರೆ ಅದು ಮುಸ್ಲಿಮರ ಅರ್ಜಿಯಾಗಿ ಉಳಿಯುವುದಿಲ್ಲ, ಊರಿನ ಅರ್ಜಿಯಾಗುತ್ತದೆ. ಗುಂಡು ಶಾಮಿಯಾನದ ಜಾತಿ ಕೇಳುವುದಿಲ್ಲವಷ್ಟೇ?

ಯಾರಿಗೆ ಬರೆಯಬೇಕು? ಇಲ್ಲಿ ನಮ್ಮವರು ಬಹಳ ಎಡವುತ್ತಾರೆ. ಶಸ್ತ್ರಾಸ್ತ್ರವು ಸಂವಿಧಾನದ ಕೇಂದ್ರ ಪಟ್ಟಿಯಲ್ಲಿರುವ ವಿಷಯ. ಕಾಯ್ದೆ ಬದಲಾಗಬೇಕಾದರೆ ಸಂಸತ್ತಿನಲ್ಲೇ ಬದಲಾಗಬೇಕು. ಆದ್ದರಿಂದ ಕಾನೂನಿನ ಮಾತು 2024ರಲ್ಲಿ ನಾವು ಆರಿಸಿ ಕಳುಹಿಸಿದ ಸಂಸದೆ ಪ್ರಿಯಾಂಕಾ ಜಾರಕಿಹೊಳಿ ಅವರಿಗೆ. ನಾಡ ಪಿಸ್ತೂಲುಗಳ ಸಾಗಾಟದ ಕುರಿತು ಗೃಹ ಸಚಿವಾಲಯಕ್ಕೆ ಪ್ರಶ್ನೆ ಹಾಕಿರಿ ಎಂದು ಅವರನ್ನು ಕೇಳಬಹುದು. ಪೊಲೀಸ್ ರಾಜ್ಯದ ವಿಷಯ. ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿಗಳು, ಅದಕ್ಕೆ ಮುನ್ನ ವರದಿ ಕೊಡುವುದು ಸ್ಥಳೀಯ ಠಾಣೆ. ಆದ್ದರಿಂದ ಕಾನೂನು ಜಾರಿಯ ಮಾತು ಕಾಗವಾಡದ ಶಾಸಕ ರಾಜು ಕಾಗೆ ಅವರಿಗೆ. ಚುನಾವಣೆ ಘೋಷಣೆಯಾದೊಡನೆ ಲೈಸೆನ್ಸ್ ಬಂದೂಕುಗಳನ್ನು ಠಾಣೆಯಲ್ಲಿ ಠೇವಣಿ ಇರಿಸಿಕೊಳ್ಳಲು ನಮ್ಮ ಅಧಿಕಾರಿಗಳಿಗೆ ಸಾಧ್ಯವಾಗುತ್ತದೆ. ಮತಗಟ್ಟೆಯ ಬಗ್ಗೆ ತೋರುವ ಆ ಎಚ್ಚರವನ್ನು ಮದುವೆಯ ಚಪ್ಪರದ ಬಗ್ಗೆಯೂ ತೋರಿಸಿ ಎಂದು ಕೇಳುವುದು ಅತಿಯಾಸೆಯೇ? ಶಾಸಕರನ್ನು ಕಾಣಲು ಬೆಂಗಳೂರಿಗೇ ಹೋಗಬೇಕಾಗಿಲ್ಲ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವಾಗ ಇಡೀ ಸರಕಾರವೇ ನಮ್ಮ ಜಿಲ್ಲೆಗೆ ಬರುತ್ತದೆ.

ಅರ್ಜಿ ಒಂದೇ ಪುಟವಿರಲಿ, ಬೇಡಿಕೆಯೂ ಒಂದೇ ಇರಲಿ. ಖಬರಸ್ತಾನದ ಗೋಡೆಯನ್ನು ಅದೇ ಕಾಗದದ ಕೊನೆಗೆ ಸೇರಿಸಬೇಡಿ. ಸೇರಿಸಿದರೆ ಗೋಡೆ ಮಾತ್ರ ಓದಲ್ಪಡುತ್ತದೆ! ಪ್ರತಿಯೊಂದರ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ತಿಂಗಳು ಕಳೆದರೂ ಹಿಂಬರಹ ಬಾರದಿದ್ದರೆ ಮತ್ತೆ ಹೋಗಿ. ತಾಲೂಕಿನಲ್ಲಿ ಎಷ್ಟು ಲೈಸೆನ್ಸ್‌ಗಳಿವೆ ಎಂದು ತಿಳಿಯಬೇಕಾದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಬಹುದು.

ಪತ್ರದಿಂದ ಏನಾಗುತ್ತದೆ ಎಂದು ಮುಗುಳ್ನಗುವವರಿದ್ದಾರೆ. 2019ರ ಮಾರ್ಚ್ 15ರ ಜುಮಾ ದಿನ ನ್ಯೂಝಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಎರಡು ಮಸೀದಿಗಳಲ್ಲಿ ನಡೆದ ದಾಳಿ 51 ಜೀವಗಳನ್ನು ಬಲಿ ತೆಗೆದುಕೊಂಡಿತು. ಕೊಲೆಗಾರನ ಬಳಿ ಬಂದೂಕಿನ ಲೈಸೆನ್ಸ್ ಇತ್ತು. ಮಸೂದೆಯ ಮೇಲೆ ಅಭಿಪ್ರಾಯ ಕೇಳಿದಾಗ ಸಾವಿರಾರು ನಾಗರಿಕರು ಬರೆದರು. ಪರವಾಗಿ ಬರೆದವರಿದ್ದರು, ವಿರೋಧವಾಗಿಯೂ ಬರೆದವರಿದ್ದರು. ಏಪ್ರಿಲ್ 10ರಂದು, ಇನ್ನೂ ಒಂದು ತಿಂಗಳು ತುಂಬುವ ಮೊದಲೇ, ಬಹುತೇಕ ಅರೆಸ್ವಯಂಚಾಲಿತ ಬಂದೂಕುಗಳನ್ನು ನಿಷೇಧಿಸುವ ಮಸೂದೆಗೆ ಅಲ್ಲಿನ ಸಂಸತ್ತು 119 ಮತಗಳಿಂದ ಒಪ್ಪಿಗೆ ಕೊಟ್ಟಿತು. ವಿರುದ್ಧ ಬಿದ್ದದ್ದು ಒಂದೇ ಮತ. ನಾವು ಆ ದಿನಗಳಲ್ಲಿ ಸಂತಾಪದ ಲೇಖನಗಳನ್ನು ಬರೆದೆವು. ಅಲ್ಲಿನವರು ತಮ್ಮ ಸಂಸತ್ತಿಗೆ ಬರೆದರು.

ಎರಡು ಅರ್ಜಿಗಳ ಕರಡು ಬಾಗಿಲ ಬಳಿಯ ಮೇಜಿನ ಮೇಲಿದೆ. ಒಂದು ಸಂಸದರಿಗೆ, ಒಂದು ಶಾಸಕರಿಗೆ. ಓದಿ, ತಪ್ಪಿದ್ದರೆ ತಿದ್ದಿ. ಸಹೋದರಿಯರ ಕಡೆಗೂ ಒಂದು ಪ್ರತಿ ಕಳುಹಿಸಿದ್ದೇವೆ. ಮೊದಲ ಸಹಿಯ ಜಾಗವನ್ನು ನಮ್ಮ ಕೈ ಹಿಡಿದ ಆ ಚಾಚಾರಿಗಾಗಿ ಖಾಲಿ ಬಿಟ್ಟಿದ್ದೇವೆ. ಇಶಾಗೆ ಇನ್ನೂ ಇಪ್ಪತ್ತು ನಿಮಿಷಗಳಿವೆ.