ಬಾಲಕರ ವೈರವೂ ಅದರ ಶಮನವೂ



ಮಕ್ಕಳ ಹಗೆಯು ತಾನಾಗಿಯೇ ಮಾಯುವುದೆಂದು ಹಿರಿಯರು ಉದಾಸೀನರಾಗಿರುವುದುಂಟು. ಅದು ಸರಿಯಲ್ಲ. 1954ರಲ್ಲಿ ಅಮೆರಿಕದ ಓಕ್ಲಹೋಮ ಪ್ರಾಂತದ ಶಿಬಿರವೊಂದರಲ್ಲಿ ಮುಜಫರ್ ಷೆರೀಫರೆಂಬ ಮನಶ್ಶಾಸ್ತ್ರಜ್ಞರು, ಪರಸ್ಪರ ಪರಿಚಯವಿಲ್ಲದ 22 ಮಂದಿ ಬಾಲಕರನ್ನು ಎರಡು ಪಂಗಡಗಳಾಗಿ ವಿಂಗಡಿಸಿ, ಬಹುಮಾನವಿಟ್ಟು ಪಂದ್ಯಗಳನ್ನೇರ್ಪಡಿಸಿದರು. ಕೆಲವೇ ದಿನಗಳಲ್ಲಿ ಒಬ್ಬರನ್ನೊಬ್ಬರು ಹಳಿದರು, ಧ್ವಜವನ್ನು ಸುಟ್ಟರು, ಬಿಡಾರಗಳಿಗೆ ನುಗ್ಗಿದರು. ಒಂದೆಡೆ ಕುಳ್ಳಿರಿಸಿ ಉಣಬಡಿಸಿದರೂ ಹಗೆ ಅಡಗಲಿಲ್ಲ, ಉಣಿಸನ್ನೇ ಎರಚಾಡಿದರು. ಬಳಿಕ ಶಿಬಿರಕ್ಕೆ ನೀರು ನಿಲ್ಲುವಂತೆ ಮಾಡಲು, ಎರಡು ಪಂಗಡದವರೂ ಕೂಡಿ ದೋಷವನ್ನು ಹುಡುಕಿದರು. ಹಗ್ಗಜಗ್ಗಾಟದ ಹಗ್ಗದಿಂದಲೇ, ನಿಂತುಹೋದ ಲಾರಿಯನ್ನು ಒಂದಾಗಿ ಎಳೆದರು. ಕ್ರಮೇಣ ಸ್ನೇಹವು ಅಂಕುರಿಸಿತು.

ಆದುದರಿಂದ ನಮ್ಮ ವಿದ್ಯಾರ್ಥಿನಿಲಯಗಳಲ್ಲಿ ಹಗೆ ಕಂಡಾಗ, ಬಾಲಕರನ್ನು ದಂಡಿಸುವ ಮುನ್ನ ನಾವೇ ಒಡ್ಡಿದ ಪೈಪೋಟಿಯನ್ನು ಪರಿಶೀಲಿಸೋಣ. ಇಬ್ಬರಿಗೂ ಬೇಕಾದ ಕಾಯಕವನ್ನು ಇಬ್ಬರಿಗೂ ಕೂಡಿಸಿ ಒಪ್ಪಿಸೋಣ.