ಸುಧಾರಣೆಗಳಲ್ಲಿ ಮೊದಲು ಯಾವುದು?
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ದುಡಿಯುವ ಜಾಗ ಸುಧಾರಿಸಬೇಕೆಂದು ನಾವೆಲ್ಲರೂ ಬಯಸುತ್ತೇವೆ. ಸಲಹೆ ಕೇಳಿದರೆ ಹತ್ತು ಜನರಿಂದ ಇಪ್ಪತ್ತು ಬರುತ್ತವೆ. ಎಲ್ಲಕ್ಕೂ ಒಮ್ಮೆಲೇ ಕೈಹಚ್ಚಿದರೆ ಒಂದೂ ಪೂರೈಸದು. 'ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು' ಎಂದು ಹಿರಿಯರು ಹೇಳಿದ್ದು ಇದಕ್ಕೇ. ಆ ಒಂದನ್ನು ನಾವೆಲ್ಲ ಕೂಡಿ ಆರಿಸುವುದು ಹೇಗೆ ಎಂಬುದೇ ಇಂದಿನ ವಿಷಯ.

ಜಪಾನಿನ ಕಾರ್ಖಾನೆಗಳಲ್ಲಿ 1962ರಿಂದ 'ಕ್ವಾಲಿಟಿ ಸರ್ಕಲ್' ಎಂಬ ಸಣ್ಣ ಕೂಟಗಳು ಬೆಳೆದುವು. ಒಂದೇ ವಿಭಾಗದ ಕೆಲಸಗಾರರು ಒಟ್ಟಿಗೆ ಕುಳಿತು, ತಮ್ಮ ತೊಡಕುಗಳನ್ನು ತಾವೇ ಎಣಿಸಿ, ತಾವೇ ಪರಿಹಾರ ಹುಡುಕುವ ಪದ್ಧತಿಯಿದು. ನಮ್ಮ ದೇಶದಲ್ಲಿ 1980ರಲ್ಲಿ ಹೈದರಾಬಾದಿನ ಬಿ.ಎಚ್.ಇ.ಎಲ್. ಕಾರ್ಖಾನೆ ಇದನ್ನು ಮೊದಲು ಕೈಗೊಂಡಿತು. ಇದರಿಂದ ನಾವು ಕಲಿಯಬೇಕಾದುದು ಇಷ್ಟು: ಮೊದಲು ಎಣಿಕೆ, ಆಮೇಲೆ ವಾದ.

ಹೋಟೆಲಿನ ಅಡಿಗೆಮನೆಯನ್ನೇ ತೆಗೆದುಕೊಳ್ಳೋಣ. ಹೊಸ ಗ್ರೈಂಡರ್ ಬೇಕೆನ್ನುವವರು ಒಬ್ಬರು, ತಟ್ಟೆ ಜೋಡಿಸಲು ಹಲಗೆ ಬೇಕೆನ್ನುವವರು ಇನ್ನೊಬ್ಬರು. ನೆಲ ಜಾರುತ್ತದೆ ಎನ್ನುತ್ತಾನೆ ಎಣ್ಣೆ ಬಾಣಲೆಯ ಬಳಿ ನಿಲ್ಲುವವನು. ಒಂದು ವಾರ ಗೋಡೆಗೆ ಕಾಗದ ಅಂಟಿಸಿ, ತೊಂದರೆಯಾದಾಗಲೆಲ್ಲ ಅದರ ಹೆಸರಿನ ಮುಂದೆ ಒಂದು ಗೆರೆ ಎಳೆಯೋಣ. ಬಹುಪಾಲು ಗೆರೆಗಳು ಎರಡು ಮೂರು ಕಾರಣಗಳ ಮುಂದೆಯೇ ಬೀಳುವುದುಂಟು. ಬಳಿಕ ಪ್ರತಿ ಸಲಹೆಗೂ ಮೂರು ಪ್ರಶ್ನೆ ಕೇಳೋಣ. ಎಷ್ಟು ಮಂದಿಗೆ ಅನುಕೂಲ? ಎಷ್ಟು ಹಣ, ಎಷ್ಟು ದಿನ ಬೇಕು? ನಾವೇ ಮಾಡಬಹುದೇ, ಮಾಲಿಕರ ಒಪ್ಪಿಗೆ ಬೇಕೇ?

ಕೊನೆಗೆ ಮತ. ಪ್ರತಿಯೊಬ್ಬರಿಗೂ ಮೂರು ಹುಣಿಸೆ ಬೀಜ, ಸಲಹೆಗೊಂದು ಡಬ್ಬಿ. ಮೇಸ್ತ್ರಿಗೂ ಮೂರೇ, ನಿನ್ನೆ ಸೇರಿದವನಿಗೂ ಮೂರೇ. ಹಾಕುವುದು ಗುಟ್ಟಾಗಿರಲಿ, ಆಗ ಯಾರ ಮುಖವನ್ನೂ ನೋಡಿ ಯಾರೂ ಹಿಂಜರಿಯಬೇಕಿಲ್ಲ.

ಆದರೆ ಜೀವಕ್ಕೆ ಅಪಾಯವಿರುವುದನ್ನು ಮತಕ್ಕೆ ಹಾಕತಕ್ಕುದಲ್ಲ. ಜಾರುವ ನೆಲದ ಮೇಲೆ ಕುದಿಯುವ ಎಣ್ಣೆಯ ಪಕ್ಕ ನಿಲ್ಲುವವನು ಒಬ್ಬನೇ ಇರಬಹುದು. ಅವನ ಬಳಿ ಇರುವುದು ಮೂರೇ ಬೀಜ. ಬಹುಮತ ಸಿಗಲಿಲ್ಲವೆಂದು ಅವನ ಮೈ ಸುಡಬೇಕೇ? ಗೆರೆ ಒಂದೂ ಬೀಳದಿದ್ದರೂ ಆ ನೆಲವೇ ಮೊದಲು ದುರಸ್ತಿಯಾಗಬೇಕು. ಎಣಿಕೆಯೂ ಮತವೂ ಉಳಿದವುಗಳಿಗೆ.

ಆಯ್ಕೆಯಾಗದ ಸಲಹೆಗಳನ್ನು ಮೂಲೆಗೆ ಎಸೆಯಬಾರದು. ಏಕೆ ಕಾಯಬೇಕು, ಮತ್ತೆ ಯಾವಾಗ ನೋಡುವೆವು ಎಂಬುದನ್ನು ಹೇಳಿದವನಿಗೆ ತಿಳಿಸಬೇಕು. ಉತ್ತರ ಸಿಗದವನು ಮುಂದಿನ ಸಲ ಬಾಯಿ ತೆರೆಯುವುದಿಲ್ಲ. ಒಂದು ಕೆಲಸವನ್ನು ಪೂರೈಸಿ ತೋರಿಸೋಣ. ಎರಡನೆಯದಕ್ಕೆ ಕೈಗಳು ತಾವಾಗಿಯೇ ಬಂದು ಸೇರುತ್ತವೆ.